ಆರೈಕೆಯೂ ಒಂದು ವಿದ್ಯೆ: ದಿಂಡೋರಿಯ ಆಶಾ ತಾಈಯಿಂದ ನಿಮ್ಮಪ್ಪನ ಹೋಮ್ ನರ್ಸ್‌ವರೆಗೆ

ಇದು ಈ ವಾರದ ಮಾತಿನ ಬರಹ ರೂಪ. ವಿಡಿಯೊ ನೋಡೋಕೆ ಪುರುಸೊತ್ತಿಲ್ಲದೆ ಆಫೀಸ್ ಬಸ್ಸಿನಲ್ಲಿ ಕೂತು ಓದೋರಿಗೆ ಅಂತ ಮಾತನ್ನ ಸ್ವಲ್ಪ ಒಪ್ಪ ಮಾಡಿ ಹಾಕಿದ್ದೀನಿ. ಮಾತಿನ ಧಾಟಿ ಹಾಗೇ ಬಿಟ್ಟಿದ್ದೀನಿ.

ನನಗೆ ಪದೇ ಪದೇ ಬರೋ ಪ್ರಶ್ನೆ ಎರಡು. ಒಂದು, ಪುಣೆಯಿಂದಲೋ ಅಮೆರಿಕದಿಂದಲೋ ಬರುತ್ತೆ: "ಅಪ್ಪನಿಗೆ ಲಕ್ವ ಹೊಡೆದಿದೆ. ಹುಬ್ಬಳ್ಳಿ ಮನೆಯಲ್ಲಿ ಏಜೆನ್ಸಿಯಿಂದ ಹೋಮ್ ನರ್ಸ್ ಇಟ್ಟಿದ್ದೀವಿ. ಅವರು ಸರಿಯಾಗಿ ನೋಡ್ಕೋತಿದ್ದಾರಾ ಅಂತ ಇಲ್ಲಿ ಕೂತು ಹೇಗೆ ತಿಳ್ಕೊಳ್ಳೋದು?" ಇನ್ನೊಂದು ಇಂಗ್ಲೆಂಡಿನಿಂದ: "ಗಂಡನ ಜೊತೆ ಬಂದಿದ್ದೀನಿ, ಇಲ್ಲಿ ಕೇರ್ ಹೋಮ್‌ನಲ್ಲಿ ಕೆಲಸ ಸಿಗುತ್ತಂತೆ. ನಾನು ಕಾಮರ್ಸ್ ಓದಿದವಳು. ಏನು ಕಲೀಬೇಕು?" ಒಬ್ಬರು ಆರೈಕೆಗೆ ಜನ ಇಟ್ಟುಕೊಂಡವರು, ಇನ್ನೊಬ್ಬರು ಆ ಕೆಲಸಕ್ಕೇ ಹೊರಟವರು. ಆದ್ರೆ ಇಬ್ಬರಿಗೂ ಬೇಕಾಗಿರೋದು ಒಂದೇ, ಈ ಕೆಲಸದ ಅಆಇಈ. ಅದನ್ನೇ ಇವತ್ತು ಹೇಳ್ತೀನಿ.

ದಿಂಡೋರಿ ಯಾಕೆ?

ನಾನು ನರ್ಸಿಂಗ್ ಪಾಠ ಹೇಳೋಳು. ಹುಟ್ಟಿದ್ದು ವಿಜಯಪುರ ಜಿಲ್ಲೆ, ಅನ್ನ ತಿಂತಿರೋದು ನಾಸಿಕ್‌ನಲ್ಲಿ. ನಾಸಿಕ್‌ನಿಂದ ದಿಂಡೋರಿ ಕಡೆ ಹೊರಟರೆ ಊರು ಮುಗಿಯೋ ಹೊತ್ತಿಗೆ ಮ್ಹಸರೂಳದಲ್ಲಿ ಮಹಾರಾಷ್ಟ್ರ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಸಿಗುತ್ತೆ. 1998ರಲ್ಲಿ ಶುರುವಾಗಿದ್ದು. ಇಡೀ ರಾಜ್ಯದ ಡಾಕ್ಟರು, ನರ್ಸುಗಳ ಡಿಗ್ರಿ ಬರೋದು ಅಲ್ಲಿಂದ. ಅದನ್ನ ದಾಟಿ ಇನ್ನೊಂದು ಅರ್ಧ ಗಂಟೆ ಹೋದರೆ ಎರಡೂ ಕಡೆ ದ್ರಾಕ್ಷಿ ತೋಟ. ದ್ರಾಕ್ಷಿ ಹಂಗಾಮಿನಲ್ಲಿ ಪೇಠ, ಸುರಗಾಣಾ ಕಡೆಯ ಗುಡ್ಡಗಾಡಿನ ಆದಿವಾಸಿ ಕುಟುಂಬಗಳು ಮಕ್ಕಳು ಮರಿ ಕಟ್ಕೊಂಡು ಈ ತೋಟಗಳಿಗೆ ಕೂಲಿಗೆ ಇಳಿದು ಬರ್ತಾವೆ. ದಿಂಡೋರಿಯ ವಿಧಾನಸಭೆ, ಲೋಕಸಭೆ ಎರಡೂ ಕ್ಷೇತ್ರ ಪರಿಶಿಷ್ಟ ಪಂಗಡಕ್ಕೆ ಮೀಸಲು ಅಂದ್ರೆ ಜನ ಯಾರು ಅಂತ ನಿಮಗೇ ಅಂದಾಜಾಗುತ್ತೆ.

ನನ್ನ ವಿದ್ಯಾರ್ಥಿನಿಯರಿಗೆ ಆಸ್ಪತ್ರೆ ವಾರ್ಡ್ ತೋರಿಸೋದು ಸುಲಭ. ಆರೈಕೆ ಅಂದ್ರೇನು ಅಂತ ತೋರಿಸಬೇಕಾದ್ರೆ ಮಾತ್ರ ನಾನು ಇಂಥ ಊರಿಗೆ ಕರ್ಕೊಂಡು ಹೋಗ್ತೀನಿ. ಅಲ್ಲಿ ಯಂತ್ರ ಇಲ್ಲ, ಹಾಸಿಗೆ ಇಲ್ಲ, ಡಾಕ್ಟರ್ ಇಲ್ಲ. ಒಬ್ಬ ಹೆಂಗಸು, ಒಂದು ಚೀಲ, ಒಂದು ರಿಜಿಸ್ಟರ್. ಉಳಿಯೋದು ಬರೀ ಮೂಲಪಾಠ.

ಯಾರು ಏನು

ಮೊದಲು ಹೆಸರುಗಳ ಗೊಂದಲ ಬಿಡಿಸೋಣ. ಯಾಕಂದ್ರೆ ನಿಮ್ಮ ಅರ್ಧ ತೊಂದರೆ ಶುರುವಾಗೋದೇ ಹೆಸರಿನಿಂದ.

ಹಳ್ಳಿಯಲ್ಲಿ ಮೂರು ಹೆಂಗಸರು. ಆಶಾ ಕಾರ್ಯಕರ್ತೆ ಊರಿನವಳೇ. 2005ರಲ್ಲಿ ಶುರುವಾದ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದ ಕೂಸು. ಸುಮಾರು 1,000 ಜನಕ್ಕೆ ಒಬ್ಬಳು ಅನ್ನೋದು ಲೆಕ್ಕ. ಇಲ್ಲಿ ಎಲ್ಲರೂ ಅವಳನ್ನ ಕರೆಯೋದು ಆಶಾ ತಾಈ ಅಂತ. ಮರಾಠಿಯ ತಾಈ ಅಂದ್ರೆ ನಮ್ಮ ತಾಯಿ ಅಲ್ಲ, ಅಕ್ಕ. ಎರಡನೆಯವಳು ಅಂಗನವಾಡಿಯವಳು, ಇಲ್ಲಿ ಸೇವಿಕಾ ಅಂತಾರೆ. ಈ ಯೋಜನೆ ಹಳೇದು. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಪ್ರಯೋಗ ಅಂತ ಶುರುವಾದಾಗ ನಮ್ಮ ಟಿ. ನರಸೀಪುರವೂ ಅದರಲ್ಲಿತ್ತು. ಮೂರನೆಯವಳು ಎಎನ್‌ಎಂ, ನಮ್ಮೂರ ಕಡೆ ನರ್ಸಮ್ಮ. ಇಂಜೆಕ್ಷನ್, ಲಸಿಕೆ ಇವಳ ಕೆಲಸ. ಬಯಲುಸೀಮೆಯಲ್ಲಿ 5,000 ಜನಕ್ಕೆ, ಗುಡ್ಡಗಾಡು ಮತ್ತು ಆದಿವಾಸಿ ಪ್ರದೇಶದಲ್ಲಿ 3,000 ಜನಕ್ಕೆ ಒಂದು ಉಪಕೇಂದ್ರ ಇರಬೇಕು, ಅಲ್ಲಿ ಇವಳು ಕೂರ್ತಾಳೆ. ಅದರ ಮೇಲೆ ಡಾಕ್ಟರ್ ಇರೋ ಪ್ರಾಥಮಿಕ ಆರೋಗ್ಯ ಕೇಂದ್ರ.

ಪೇಟೆಯಲ್ಲಿ ಬೇರೆ ಏಣಿ. ಬಿಎಸ್ಸಿ ನರ್ಸಿಂಗ್ ನಾಲ್ಕು ವರ್ಷ, ಜಿಎನ್‌ಎಂ ಮೂರು ವರ್ಷ, ಎಎನ್‌ಎಂ ಎರಡು ವರ್ಷ. ಈ ಮೂವರಿಗೂ ರಾಜ್ಯದ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಣಿ ಸಂಖ್ಯೆ ಇರುತ್ತೆ, ಇರಲೇಬೇಕು. ಅದರ ಕೆಳಗೆ ಜನರಲ್ ಡ್ಯೂಟಿ ಅಸಿಸ್ಟೆಂಟ್, ಹೋಮ್ ಹೆಲ್ತ್ ಏಡ್ ಅನ್ನೋ ಕೆಲವೇ ತಿಂಗಳ ಕೋರ್ಸ್ ಮಾಡಿದವರು. ಅದಕ್ಕೂ ಕೆಳಗೆ ಯಾವ ಕೋರ್ಸೂ ಇಲ್ಲದೆ ಕೆಲಸ ಮಾಡ್ತಾ ಕಲಿತವರು. ಆಸ್ಪತ್ರೆಯಲ್ಲಿ ನಾವು ಆಯಾ ಅಂತೀವಿ, ಇಲ್ಲಿ ಮಾವಶಿ ಅಂದ್ರೆ ಚಿಕ್ಕಮ್ಮ ಅಂತಾರೆ.

ಈಗ ವಿಷಯಕ್ಕೆ ಬನ್ನಿ. ನಿಮ್ಮ ಮನೆಗೆ "ಹೋಮ್ ನರ್ಸ್" ಅಂತ ಏಜೆನ್ಸಿ ಕಳಿಸೋರು ಬಹುಪಾಲು ಕೊನೆಯ ಎರಡು ಗುಂಪಿನವರು. ಅವರು ಕೆಟ್ಟವರು ಅಂತಲ್ಲ. ಕೋರ್ಸ್ ಇಲ್ಲದೆಯೂ ಬಂಗಾರದಂಥ ಕೈ ಇರೋರನ್ನ ನಾನು ನೋಡಿದ್ದೀನಿ. ಆದ್ರೆ ನರ್ಸ್ ಅಂತ ಕರೆದ ತಕ್ಷಣ ಮನೆಯವರು ಇನ್ಸುಲಿನ್ ಕೊಡು, ಮೂಗಿನ ನಳಿಕೆಯಲ್ಲಿ ಹಾಲು ಹಾಕು, ಕ್ಯಾತಿಟರ್ ಬದಲಾಯಿಸು ಅಂತಾರೆ. ಆಕೆ ಕೆಲಸ ಹೋದೀತು ಅಂತ ಇಲ್ಲ ಅನ್ನಲ್ಲ. ಅನಾಹುತ ಆಗೋದು ಈ ಜಾಗದಲ್ಲಿ. ಆದ್ದರಿಂದ ಮೊದಲ ದಿನವೇ ಏಜೆನ್ಸಿಗೆ ಕೇಳಿ: ಇವರ ನೋಂದಣಿ ಸಂಖ್ಯೆ ಏನು? ಇಲ್ಲ ಅಂದ್ರೆ, ಪರವಾಗಿಲ್ಲ, ಇವರು ಏನೇನು ಮಾಡಬಹುದು, ಏನು ಮಾಡಬಾರದು? ಬರೆದು ಕೊಡಿ.

ಒಂದು ಭೇಟಿಯ ಲೆಕ್ಕ

ದಿಂಡೋರಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಆಶಾ ತಾಈ ಬಾಣಂತಿ ಮನೆಗೆ ಹೋಗೋದನ್ನ ನಾನು ಎಷ್ಟೋ ಸಲ ನೋಡಿದ್ದೀನಿ. ಆಸ್ಪತ್ರೆಯಲ್ಲಿ ಹೆರಿಗೆ ಆಗಿದ್ರೆ 3, 7, 14, 21, 28, 42ನೇ ದಿನ ಹೀಗೆ ಆರು ಭೇಟಿ. ಮನೆಯಲ್ಲೇ ಹೆರಿಗೆ ಆಗಿದ್ರೆ ಮೊದಲ ದಿನವೂ ಸೇರಿ ಏಳು.

ಹೋದವಳು ಸೀದಾ ಕೂಸಿನ ಹತ್ತಿರ ಹೋಗಲ್ಲ. ಹೊಸ್ತಿಲಲ್ಲಿ ನಿಂತು ಅತ್ತೆಯನ್ನ ಮಾತಾಡಿಸ್ತಾಳೆ, ಯಾಕಂದ್ರೆ ಆ ಮನೆಯಲ್ಲಿ ಮಾತು ನಡೆಯೋದು ಅತ್ತೆಯದು. ಆಮೇಲೆ ಕೈ ತೊಳೀತಾಳೆ. ಬಾಣಂತಿಗೆ "ಮಗೂನ ಎತ್ಕೊಳ್ಳಲಾ?" ಅಂತ ಕೇಳ್ತಾಳೆ. ಕೂಸಿನ ಎದೆ ಮೇಲೆ ಕಣ್ಣಿಟ್ಟು, ಗಡಿಯಾರ ನೋಡ್ಕೊಂಡು ಪೂರ್ತಿ ಒಂದು ನಿಮಿಷ ಉಸಿರು ಎಣಿಸ್ತಾಳೆ. ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸೋ ಹಾಗಿಲ್ಲ, ಎಳೆಗೂಸಿನ ಉಸಿರು ಒಂದೇ ಸಮ ಇರಲ್ಲ. 60 ಅಥವಾ ಅದಕ್ಕಿಂತ ಹೆಚ್ಚು ಬಂದ್ರೆ ಇನ್ನೊಂದು ಸಲ ಎಣಿಸ್ತಾಳೆ. ಮತ್ತೆ ಅಷ್ಟೇ ಬಂದ್ರೆ ಆಸ್ಪತ್ರೆಗೆ. ಆಮೇಲೆ ತೂಕ. ಹುಟ್ಟಿದಾಗಿನ ತೂಕ 2.5 ಕೆಜಿಗಿಂತ ಕಡಿಮೆ ಇದ್ದ ಕೂಸಾದ್ರೆ ಜಾಸ್ತಿ ಎಚ್ಚರ. ಕಂಕುಳಲ್ಲಿ ಥರ್ಮಾಮೀಟರ್. ಹೊಕ್ಕುಳು. ಹಾಲು ಹೀರೋ ಬಲ. ಕೊನೆಗೆ ತಾಯಿಯ ಕಡೆ: ರಕ್ತ ಎಷ್ಟು ಹೋಗ್ತಿದೆ, ಜ್ವರ ಇದೆಯಾ, ಊಟ ಏನು ಮಾಡಿದೆ.

ಇಷ್ಟೂ ರಿಜಿಸ್ಟರ್‌ಗೆ ಹೋಗುತ್ತೆ. ಮುಂದಿನ ಭೇಟಿ ಯಾವತ್ತು ಅಂತ ಹೇಳಿ ಎದ್ದು ಬರ್ತಾಳೆ.

ಇದೇನು ಮಹಾ ಅನ್ನಿಸಬಹುದು. ಈ ಸಣ್ಣ ಕೆಲಸದ ಹಿಂದೆ ಮಹಾರಾಷ್ಟ್ರದ್ದೇ ದೊಡ್ಡ ಕಥೆ ಇದೆ. 1970ರಲ್ಲಿ ಡಾಕ್ಟರ್ ದಂಪತಿ ರಜನಿಕಾಂತ್ ಮತ್ತು ಮೇಬಲ್ ಆರೋಳೆ ಅಹಮದ್‌ನಗರ ಜಿಲ್ಲೆಯ ಜಾಮಖೇಡದಲ್ಲಿ, ಓದು ಬರಹ ಬಾರದ ಹಳ್ಳಿ ಹೆಂಗಸರಿಗೇ ಆರೋಗ್ಯದ ಕೆಲಸ ಕಲಿಸಿದರು. ಆಮೇಲೆ ಗಡಚಿರೋಲಿಯಲ್ಲಿ ಅಭಯ್ ಬಂಗ್, ರಾಣಿ ಬಂಗ್ ದಂಪತಿ 39 ಹಳ್ಳಿಗಳಲ್ಲಿ ಊರಿನ ಹೆಂಗಸರಿಗೆ ಉಸಿರು ಎಣಿಸೋದು, ತೂಕ ಹಾಕೋದು, ಕಾಯಿಲೆ ಬಿದ್ದ ಕೂಸಿಗೆ ಔಷಧಿ ಕೊಡೋದು ಕಲಿಸಿದರು. ಮೂರನೇ ವರ್ಷದ ಹೊತ್ತಿಗೆ ಎಳೆಗೂಸುಗಳ ಸಾವು, ಈ ಕೆಲಸ ನಡೆಯದ ಹಳ್ಳಿಗಳಿಗೆ ಹೋಲಿಸಿದರೆ 62 ಪರ್ಸೆಂಟ್ ಕಡಿಮೆ ಆಗಿತ್ತು. 1999ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಅದು ಅಚ್ಚಾಯ್ತು. ಇವತ್ತು ದೇಶದ ಆಶಾಗಳು ಮನೆಗೆ ಹೋಗಿ ಉಸಿರು ಎಣಿಸ್ತಿರೋದು ಅದರ ಮುಂದುವರಿಕೆ.

ಆ ಭೇಟಿಯಿಂದ ಹೊರಡೋ ಐದು ಪಾಠ

ಕೂಸಿನ ಬದಲು 78 ವರ್ಷದ ನಿಮ್ಮಪ್ಪನನ್ನ ಇಟ್ಟು ನೋಡಿ. ಪಾಠ ಬದಲಾಗಲ್ಲ.

ಒಂದು, ಕೇಳಿ ಮುಟ್ಟೋದು. "ಅಜ್ಜಾರ, ಈಗ ಮಗ್ಗಲು ಬದಲಾಯಿಸ್ತೀನಿ" ಅಂತ ಹೇಳದೆ ಮೈ ಎಳೆದರೆ ಆ ಜೀವ ಬೆಚ್ಚಿ ಬೀಳುತ್ತೆ. ಲಕ್ವ ಹೊಡೆದು ಮಾತು ನಿಂತವರಿಗೂ ಎಷ್ಟೋ ಸಲ ಎಲ್ಲ ಅರ್ಥ ಆಗ್ತಿರುತ್ತೆ. ಸ್ನಾನ ಮಾಡಿಸುವಾಗ ಬಾಗಿಲು ಹಾಕಬೇಕು, ಒರೆಸ್ತಿರೋ ಭಾಗ ಬಿಟ್ಟು ಉಳಿದ ಮೈ ಮುಚ್ಚಿರಬೇಕು. ಇದು ಸಂಕೋಚದ ಮಾತಲ್ಲ, ಕೆಲಸದ ನಿಯಮ.

ಎರಡು, ಕೈ. ರೋಗಿಯನ್ನ ಮುಟ್ಟೋ ಮೊದಲು ಮತ್ತು ಮುಟ್ಟಿದ ಮೇಲೆ, ಡೈಪರ್ ಬದಲಾಯಿಸಿದ ಮೇಲೆ, ಊಟ ಮಾಡಿಸೋ ಮೊದಲು. ಸೋಪು ನೀರಾದ್ರೆ 40ರಿಂದ 60 ಸೆಕೆಂಡ್, ಸ್ಯಾನಿಟೈಸರ್ ಆದ್ರೆ 20ರಿಂದ 30 ಸೆಕೆಂಡ್. ಗ್ಲೌಸ್ ಹಾಕ್ಕೊಂಡ್ರೂ ಕೈ ತೊಳೆಯೋದು ತಪ್ಪಲ್ಲ. ಅದೇ ಗ್ಲೌಸಿನಲ್ಲಿ ಡೈಪರ್ ತೆಗೆದು, ಅದೇ ಕೈಯಲ್ಲಿ ಗಂಜಿ ಬಟ್ಟಲು ಹಿಡಿಯೋದು ನಾನು ಮನೆಗಳಲ್ಲಿ ಕಂಡಿರೋ ದೃಶ್ಯ.

ಮೂರು, ಮೈ ನೋಡಿಕೊಳ್ಳೋದು. ಹಾಸಿಗೆ ಹಿಡಿದವರನ್ನ ಸುಮಾರು ಎರಡು ಗಂಟೆಗೊಮ್ಮೆ ಮಗ್ಗಲು ಬದಲಾಯಿಸಬೇಕು. ಇಲ್ಲದಿದ್ರೆ ಸೊಂಟದ ಹಿಂಭಾಗ, ಹಿಮ್ಮಡಿ, ಮೊಣಕೈ ಹೀಗೆ ಎಲುಬು ಒತ್ತೋ ಕಡೆ ಹಾಸಿಗೆ ಹುಣ್ಣು ಆಗುತ್ತೆ. ಶುರುವಾಗೋದು ಬರೀ ಒಂದು ಕೆಂಪು ಮಚ್ಚೆಯಿಂದ. ಕಪ್ಪು ಮೈಯವರಲ್ಲಿ ಕೆಂಪೂ ಕಾಣಲ್ಲ, ಮುಟ್ಟಿದ್ರೆ ಬಿಸಿ ಅಥವಾ ಗಟ್ಟಿ ಅನ್ನಿಸುತ್ತೆ. ಆ ಮಚ್ಚೆ ಕಂಡ ದಿನವೇ ಒತ್ತಡ ತಪ್ಪಿಸಿದ್ರೆ ವಾಸಿಯಾಗುತ್ತೆ, ಬಿಟ್ರೆ ಎಲುಬಿನ ತನಕ ಹೋಗುತ್ತೆ. ಊಟ ಮಾಡಿಸುವಾಗ ನೆಟ್ಟಗೆ ಕೂರಿಸಬೇಕು, ಆದಮೇಲೂ ಅರ್ಧ ಗಂಟೆ ಮಲಗಿಸಬಾರದು. ಲಕ್ವದವರಿಗೆ ಗಂಟಲಿನ ಬಲ ಕಡಿಮೆ. ನಾವು "ನೆತ್ತಿಗೆ ಹತ್ತಿತು" ಅಂತೀವಲ್ಲ, ಅದು ಅವರಲ್ಲಿ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಬಹುದು. ನೀರಿನಂಥ ತೆಳು ಪದಾರ್ಥವೇ ಹೆಚ್ಚು ಮೋಸ ಮಾಡೋದು.

ನಾಲ್ಕು, ಬರೆದಿಡೋದು. ಏನು ತಿಂದರು, ಮೂತ್ರ ಎಷ್ಟು ಸಲ, ಮಲ ಆಯ್ತಾ, ಮಾತ್ರೆ ಎಷ್ಟು ಗಂಟೆಗೆ, ನಿದ್ದೆ ಹೇಗೆ, ಚರ್ಮ ಹೇಗಿದೆ. ಒಂದು ನೂರು ಪುಟದ ನೋಟ್‌ಬುಕ್ ಸಾಕು. ಮಾತ್ರೆ ವಿಷಯದಲ್ಲಿ ನಾವು ಪಾಠ ಹೇಳೋ ಸೂತ್ರ: ಸರಿಯಾದ ವ್ಯಕ್ತಿ, ಸರಿಯಾದ ಔಷಧಿ, ಸರಿಯಾದ ಪ್ರಮಾಣ, ಸರಿಯಾದ ದಾರಿ, ಸರಿಯಾದ ಹೊತ್ತು. ಕೊಟ್ಟ ತಕ್ಷಣ ಬರೆಯೋದು. ಅಪ್ಪ ಅಮ್ಮ ಇಬ್ಬರಿಗೂ ಬಿಪಿ ಮಾತ್ರೆ ಇರೋ ಮನೆಯಲ್ಲಿ ಈ ಸೂತ್ರದ ಬೆಲೆ ಗೊತ್ತಾಗುತ್ತೆ.

ಐದು, ತನ್ನ ಗೆರೆ ಗೊತ್ತಿರೋದು. ಆಶಾ ತಾಈ ಉಸಿರು ಎಣಿಸ್ತಾಳೆ, ಆದ್ರೆ ಯಾವ ಕಾಯಿಲೆ ಅಂತ ಹೇಳಲ್ಲ. 60 ದಾಟಿತು, ಕಳಿಸಬೇಕು, ಅಷ್ಟೇ. ಯಾವಾಗ ಕೈ ಎತ್ತಿ ಮೇಲಿನವರನ್ನ ಕರೀಬೇಕು ಅನ್ನೋದೇ ಈ ಕೆಲಸದ ಬುದ್ಧಿ. ಮನೆ ಆರೈಕೆಯವರಿಗೂ ಇಂಥ ಗೆರೆಗಳನ್ನ ಬರೆದು ಗೋಡೆಗೆ ಅಂಟಿಸಿ. ಬಾಯಿ ಸೊಟ್ಟ ಆದ್ರೆ, ಒಂದು ಕೈ ಕೆಳಗೆ ಬಿದ್ರೆ, ಮಾತು ತೊದಲಿದ್ರೆ ತಕ್ಷಣ 108, ಆಮೇಲೆ ಮಗನಿಗೆ ಫೋನ್. ಸಕ್ಕರೆ ಕಾಯಿಲೆಯವರು ಬೆವತು ನಡುಗಿ, ಶುಗರ್ 70ಕ್ಕಿಂತ ಕೆಳಗೆ ಬಂದ್ರೆ, ಎಚ್ಚರ ಇದ್ದು ನುಂಗೋಕೆ ಆಗ್ತಿದ್ರೆ ಮಾತ್ರ ಮೂರು ಚಮಚ ಸಕ್ಕರೆ ನೀರಿನಲ್ಲಿ. 15 ನಿಮಿಷ ಬಿಟ್ಟು ಮತ್ತೆ ನೋಡಬೇಕು. ಎಚ್ಚರ ಇಲ್ಲದಿದ್ರೆ ಬಾಯಿಗೆ ಏನೂ ಹಾಕಬಾರದು, 108. ಕರ್ನಾಟಕ, ಮಹಾರಾಷ್ಟ್ರ ಎರಡೂ ಕಡೆ ಅದು ಉಚಿತ.

ಸೋಷಿಯಲ್ ಕೇರ್ ಅಂದ್ರೆ?

ಇದು ನಮ್ಮವರಿಗೆ ಹೊಸ ಪದ, ಹಳೇ ಕೆಲಸ. ದ್ರಾಕ್ಷಿ ತೋಟಕ್ಕೆ ಬಂದ ಸುರಗಾಣಾದ ಕುಟುಂಬದ ಮಗುವಿಗೆ ಎರಡನೇ ಡೋಸ್ ಲಸಿಕೆ ಬಾಕಿ. ತಾಯಿ ಕಾರ್ಡ್ ಊರಲ್ಲೇ ಬಿಟ್ಟು ಬಂದಿದ್ದಾಳೆ. ತೋಟದ ಶೆಡ್ಡಿನಲ್ಲಿರೋ ಈ ಮಗು ಯಾವ ಊರಿನ ಪಟ್ಟಿಗೂ ಸೇರಿಲ್ಲ. ಅದನ್ನ ಹುಡುಕಿ, ಅಂಗನವಾಡಿಗೆ ಸೇರಿಸಿ, ಎಎನ್‌ಎಂಗೆ ಹೇಳಿ ಲಸಿಕೆ ಹಾಕಿಸೋದರಲ್ಲಿ ಔಷಧಿಗಿಂತ ಓಡಾಟವೇ ಜಾಸ್ತಿ. ಆ ಓಡಾಟಕ್ಕೇ ಸೋಷಿಯಲ್ ಕೇರ್ ಅನ್ನೋದು.

ನಿಮ್ಮ ತಂದೆ ತಾಯಿಗೂ ಇದು ಬೇಕು. ಪೆನ್ಷನ್‌ಗೆ ಜೀವಿತ ಪ್ರಮಾಣಪತ್ರ, ಬ್ಯಾಂಕಿನ ಹೆಬ್ಬೆಟ್ಟು, ಮಾತಾಡೋಕೆ ಒಬ್ಬ ಮನುಷ್ಯ. ಹಿರಿಯ ನಾಗರಿಕರಿಗೆ 14567 ಅನ್ನೋ ಸಹಾಯವಾಣಿ ಇದೆ, ದೇಶದಾದ್ಯಂತ. ಯಾರಾದ್ರೂ ಹಿಂಸೆ ಕೊಡ್ತಿದ್ರೆ, ಬಿಟ್ಟು ಹೋಗಿದ್ರೆ, ಎಲ್ಲಿ ಹೋಗಬೇಕು ಅಂತ ಹೇಳ್ತಾರೆ. 2007ರ ತಂದೆ ತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆ ಕಾಯಿದೆಯೂ ಇದೆ. ಈ ನಂಬರ್ ಅಪ್ಪ ಅಮ್ಮನ ಫೋನಿನಲ್ಲಿ ಹಾಕಿಡಿ.

ಇಂಗ್ಲೆಂಡಿನ ಗೆಳತಿಯರಿಗೆ

ನೀವು ಕೇಳೋ ಕೇರ್ ಸರ್ಟಿಫಿಕೇಟ್ ಅನ್ನೋದು 2015ರಲ್ಲಿ ಬಂದಿದ್ದು. ಅಲ್ಲಿನ ಮಿಡ್ ಸ್ಟಾಫರ್ಡ್‌ಶೈರ್ ಆಸ್ಪತ್ರೆಯಲ್ಲಿ ರೋಗಿಗಳನ್ನ ಕೇಳೋರೇ ಇಲ್ಲದ ಹಾಗೆ ಬಿಟ್ಟಿದ್ದ ಹಗರಣ ಹೊರಬಂದ ಮೇಲೆ, ಆರೈಕೆ ಮಾಡೋ ಸಹಾಯಕರಿಗೆ ಒಂದೇ ಥರದ ತರಬೇತಿ ಬೇಕು ಅಂತ 15 ಪಾಠ ಇಟ್ಟು ಶುರು ಮಾಡಿದರು. ಮೊದಲನೇ ಪಾಠ ಏನು ಗೊತ್ತಾ? ನಿನ್ನ ಪಾತ್ರ ತಿಳ್ಕೋ. ಆಮೇಲೆ ಗೌರವ ಮತ್ತು ಖಾಸಗಿತನ, ಆಹಾರ ನೀರು, ಸೋಂಕು ತಡೆ, ಮಾಹಿತಿ ಕಾಪಾಡೋದು, ಹಿಂಸೆ ಕಂಡ್ರೆ ಸುಮ್ಮನಿರದೆ ತಿಳಿಸೋದು. ಮೇಲೆ ಹೇಳಿದ ಐದು ಪಾಠ ತಲೆಗೆ ಹೋಗಿದ್ರೆ ನಿಮಗೆ ಅರ್ಧ ದಾರಿ ಆಯ್ತು. ಕೆಲಸಕ್ಕೆ ಸೇರೋವಾಗ ಅಪರಾಧ ದಾಖಲೆ ಪರಿಶೀಲನೆಯೂ ಇರುತ್ತೆ, ಬೇಜಾರು ಮಾಡ್ಕೋಬೇಡಿ.

ಒಂದು ಎಚ್ಚರಿಕೆ. ಗಂಡನ ಅಥವಾ ಹೆಂಡತಿಯ ವೀಸಾದ ಮೇಲೆ ಅಲ್ಲಿ ಈಗಾಗಲೇ ಇದ್ದು, ಕೆಲಸದ ಹಕ್ಕು ಇರೋರ ಮಾತು ಬೇರೆ. ಆದ್ರೆ ಹೊರದೇಶದಿಂದ ಹೊಸದಾಗಿ ಕೇರ್ ವರ್ಕರ್ ಕರೆಸಿಕೊಳ್ಳೋದನ್ನ ಬ್ರಿಟನ್ 2025ರ ಜುಲೈ 22ರಿಂದ ನಿಲ್ಲಿಸಿದೆ. ಊರಲ್ಲಿರೋ ನಿಮ್ಮ ತಂಗಿಗೋ ನಾದಿನಿಗೋ "ಕೇರ್ ವೀಸಾ ಮಾಡಿಸ್ತೀನಿ, ಇಷ್ಟು ಲಕ್ಷ ಕೊಡಿ" ಅಂತ ಯಾರಾದ್ರೂ ಬಂದ್ರೆ ಬಾಗಿಲಲ್ಲೇ ಕಳಿಸಿ.

ಕ್ಯಾಮೆರಾ, ಸಂಬಳ, ನಿದ್ದೆ

ಈಗ ಸ್ವಲ್ಪ ಕಹಿ ಮಾತು. ನಮ್ಮ ಐಟಿ ಮನೆಗಳಲ್ಲಿ ಹೋಮ್ ನರ್ಸ್ ಬರೋ ಮೊದಲೇ ಕ್ಯಾಮೆರಾ ಬರುತ್ತೆ. ನಿಮ್ಮ ಭಯ ಅರ್ಥ ಆಗುತ್ತೆ. ಆದ್ರೆ ಯೋಚನೆ ಮಾಡಿ: ಅಮ್ಮನ ಮಲಗೋ ಕೋಣೆಯ ಕ್ಯಾಮೆರಾ ಅಂದ್ರೆ ಅಮ್ಮನ ಬಟ್ಟೆ ಬದಲಾಯಿಸೋದು, ಡೈಪರ್ ತೆಗೆಯೋದು ಎಲ್ಲಾ ಮಗನ ಫೋನಿನಲ್ಲಿ. ಜೀವಮಾನ ಪೂರ್ತಿ ಮಗನ ಮುಂದೆ ಸೆರಗು ಸರಿ ಮಾಡ್ಕೊಂಡು ಬದುಕಿದವರು ಅವರು. ಅವರನ್ನ ಕೇಳಿದ್ರಾ? ಕ್ಯಾಮೆರಾ ಇಡೋದಾದ್ರೆ ಹಾಲ್‌ನಲ್ಲಿ ಇಡಿ, ಅಮ್ಮನಿಗೂ ಆರೈಕೆಯವರಿಗೂ ಹೇಳಿ ಇಡಿ. ಕೋಣೆಯೊಳಗಿನ ಸತ್ಯ ನಿಮಗೆ ಹೇಳೋದು ಆ ನೋಟ್‌ಬುಕ್ಕು, ಮತ್ತೆ ವಾರಕ್ಕೊಮ್ಮೆ ಯಾರಾದ್ರೂ ನೆಂಟರು ಹೋಗಿ ಬೆನ್ನು, ಹಿಮ್ಮಡಿ ನೋಡಿ ಬರೋದು.

ಎರಡನೇದು, ಆ ಹೆಂಗಸು ಯಾವಾಗ ಮಲಗ್ತಾರೆ? 24 ಗಂಟೆ ಕೆಲಸಕ್ಕೆ ಒಬ್ಬರನ್ನೇ ಇಟ್ಟು, ಎರಡು ಗಂಟೆಗೊಮ್ಮೆ ಮಗ್ಗಲು ಬದಲಾಯಿಸಿ ಅಂದ್ರೆ ಲೆಕ್ಕ ಕೂಡಲ್ಲ. ಮೂರನೇ ರಾತ್ರಿ ಅವರು ಎಚ್ಚರ ತಪ್ಪಿ ಮಲಗ್ತಾರೆ, ಅದು ಅವರ ಸೋಮಾರಿತನ ಅಲ್ಲ. ನಿಮ್ಮ ಆಫೀಸಿನಲ್ಲಿ ಆನ್‌ಕಾಲ್ ಡ್ಯೂಟಿಗೆ ಪಾಳಿ ಇರುತ್ತಲ್ಲ, ಇಲ್ಲೂ ಬೇಕು. ರಾತ್ರಿಗೆ ಬೇರೆಯವರು, ಇಲ್ಲಾಂದ್ರೆ ಗಾಳಿ ಹಾಸಿಗೆ ತರಿಸಿ, ಮನೆಯವರೂ ಪಾಳಿ ಹಂಚಿಕೊಳ್ಳಿ. ಗಾಳಿ ಹಾಸಿಗೆ ಬಂತು ಅಂತ ಮಗ್ಗಲು ಬದಲಾಯಿಸೋದು ನಿಲ್ಲಲ್ಲ, ಅದೂ ನೆನಪಿರಲಿ. ವಾರಕ್ಕೊಂದು ರಜೆ, ಕೂತು ಉಣ್ಣೋಕೆ ಜಾಗ, ಮಲಗೋಕೆ ಮಂಚ. ಏಜೆನ್ಸಿಗೆ ನೀವು ಕೊಡೋ ದುಡ್ಡಿನಲ್ಲಿ ಅವರ ಕೈಗೆ ಎಷ್ಟು ಸೇರುತ್ತೆ ಅಂತ ಅವರನ್ನೇ ಒಮ್ಮೆ ಕೇಳಿ. ಕೇಳೋಕೆ ಮುಜುಗರ ಆಗುತ್ತೆ, ಆದ್ರೂ ಕೇಳಿ.

ದೇಶವೇ ಈ ಕೆಲಸವನ್ನ ಹಾಗೆ ನಡೆಸಿಕೊಂಡು ಬಂದಿದೆ. ಆಶಾಗೆ ಸಂಬಳ ಅಂತ ಇಲ್ಲ, ಗೌರವಧನ ಮತ್ತು ಕೆಲಸಕ್ಕೆ ತಕ್ಕ ಪ್ರೋತ್ಸಾಹಧನ. 2022ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತದ ಆಶಾಗಳಿಗೆ ಪ್ರಶಸ್ತಿ ಕೊಟ್ಟಿತು. 2025ರ ಜನವರಿ ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ನಮ್ಮ ಆಶಾಗಳು ತಿಂಗಳಿಗೆ 15,000 ರೂಪಾಯಿ ಕೊಡಿ ಅಂತ ಅಹೋರಾತ್ರಿ ಕೂತಿದ್ದರು. ಅಂಗನವಾಡಿಯವರಿಗೆ ಗ್ರಾಚ್ಯುಟಿ ಹಕ್ಕು ಇದೆ ಅಂತ ಹೇಳೋಕೆ 2022ರಲ್ಲಿ ಸುಪ್ರೀಂ ಕೋರ್ಟೇ ಬೇಕಾಯ್ತು. ಇದು ಹೆಂಗಸರು ಹೇಗೂ ಮನೆಯಲ್ಲಿ ಮಾಡೋ ಕೆಲಸ, ಇದಕ್ಕೇನು ವಿದ್ಯೆ ಅನ್ನೋ ಭಾವನೆ ಸರ್ಕಾರದಲ್ಲೂ ಇದೆ, ನಮ್ಮ ಮನೆಯಲ್ಲೂ ಇದೆ. ಉಸಿರು ಎಣಿಸೋದು, ಕೆಂಪು ಮಚ್ಚೆ ಹಿಡಿಯೋದು, ನುಂಗೋ ಶಬ್ದ ಕೇಳಿ ತುತ್ತು ನಿಲ್ಲಿಸೋದು ವಿದ್ಯೆ ಅಲ್ಲದಿದ್ರೆ ಮತ್ತೇನು?

ಈ ಭಾನುವಾರ ಊರಿಗೆ ಫೋನ್ ಮಾಡಿದಾಗ ಮೂರು ಕೆಲಸ ಮಾಡಿ. ಒಂದು, ಆರೈಕೆಯವರನ್ನ ಹೆಸರು ಹಿಡಿದು ಮಾತಾಡಿಸಿ, ಅವರಿಗೇನು ಬೇಕು ಕೇಳಿ. ಎರಡು, ನೋಟ್‌ಬುಕ್ ಶುರು ಮಾಡಿಸಿ, ಮೊದಲ ಪುಟದಲ್ಲಿ ಮಾತ್ರೆಗಳ ಪಟ್ಟಿ, ಎರಡನೇ ಪುಟದಲ್ಲಿ "ಹೀಗಾದ್ರೆ 108" ಅನ್ನೋ ಪಟ್ಟಿ, ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ. ಮೂರು, ಅಪ್ಪನ ಹಿಮ್ಮಡಿ, ಬೆನ್ನು ಹೇಗಿದೆ ಅಂತ ಕೇಳಿ.

ಮುಂದಿನ ವಾರ ಮರೆವಿನ ಕಾಯಿಲೆ ಇರೋ ಹಿರಿಯರ ಜೊತೆ ಮಾತಾಡೋದು ಹೇಗೆ ಅಂತ ನೋಡೋಣ. ಅಲ್ಲೀವರೆಗೂ ಆರೋಗ್ಯ ನೋಡ್ಕೊಳ್ಳಿ.